ಡಬ್ಬಿ ನೋಡುವ ಶಾಸ್ತ್ರ

ಆಕೆ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ನಾನು ಅಡುಗೆಮನೆಗೆ ಹೋಗಿ ಅಮ್ಮನಿಗೆ, ನಮ್ಮ ಮಾತಿನಲ್ಲಿ ಆಯಿಗೆ, ಹೇಳಿದೆ. ದೋಸೆ ಮಗುಚುತ್ತಿದ್ದ ಆಯಿ ತಿರುಗಿಯೂ ನೋಡಲಿಲ್ಲ.

"ಹೌದಾ? ಯಾವ ಮಾತ್ರೆ ತಿಂದು ಹೋತು ಅದು?" ಎಂದಳು.

ನಮ್ಮ ಮನೆಮಾತಿನಲ್ಲಿ ಹೆಂಗಸರನ್ನು 'ಅದು' ಎನ್ನುವುದು ಅಗೌರವವಲ್ಲ. ಹೆತ್ತ ತಾಯಿಯನ್ನೂ ಹಾಗೆಯೇ ಅನ್ನುತ್ತೇವೆ. ಆದರೆ ಅವತ್ತು ಆಯಿಯ ಬಾಯಿಂದ ಬಂದ 'ಅದು' ಅಗೌರವದ್ದೇ ಆಗಿತ್ತು. ನನಗೂ ಕಣ್ಣೀರೇನೂ ಬರಲಿಲ್ಲ. ದೋಸೆ ತಿಂದು ಕೆಲಸಕ್ಕೆ ಹೋದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮ ಬಳಗದಲ್ಲಿ ಆಕೆಯನ್ನು ಎಲ್ಲರೂ ತಲೆನೋವಿನತ್ತೆ ಎಂದು ಕರೆಯುತ್ತಿದ್ದರು. ಆಕೆಗೆ ತಲೆನೋವು ಇರಲಿಲ್ಲ. ನಾನು ಕಂಡ ಹಾಗೆ ಯಾವ ನೋವೂ ಇರಲಿಲ್ಲ. ಮದುವೆ ಮಾತುಕತೆಗೆ ಒಂದು ಮನೆಗೆ ಹೋದರೆ ಸಾಕು, ಬೆಲ್ಲ ನೀರು ಕುಡಿದು, ಎಲೆಯಡಿಕೆಯ ಕವಳ ಹಾಕಿ, ಮಾತು ಒಂದು ಹದಕ್ಕೆ ಬಂದ ಹೊತ್ತಿಗೆ ಸರಿಯಾಗಿ ಆಕೆಯ ಉಂಗುರದ ಬೆರಳು ಕಣ್ಣಿನ ಪಕ್ಕಕ್ಕೆ ಏರುತ್ತಿತ್ತು. ಹುಬ್ಬು ಗಂಟಿಕ್ಕುತ್ತಿತ್ತು.

"ಎಂತದೋ ತಲೆ ಸಿಡಿತಾ ಇದ್ದು. ಒಂದು ಮಾತ್ರೆ ಇದ್ದನ ನಿಂಗಳ ಮನೇಲಿ?"

ಇಲ್ಲೇ ಇರುವುದು ಆಕೆಯ ಜಾಣತನ. ನಮ್ಮ ಕಡೆ ಬಂದವರಿಗೆ ಒಂದೇ ಒಂದು ಮಾತ್ರೆ ತಂದು ಕೊಡುವುದು ಮರ್ಯಾದೆಯಲ್ಲ. ಕವಳದ ಹರಿವಾಣವನ್ನು ಇಡಿಯಾಗಿ ಮುಂದಿಟ್ಟ ಹಾಗೆ ಮಾತ್ರೆಯ ಡಬ್ಬಿಯನ್ನೂ ಇಡಿಯಾಗಿ ಮುಂದಿಡುತ್ತೇವೆ. ಹಳೇ ಬಿಸ್ಕತ್ತಿನ ಡಬ್ಬಿಯೋ, ದೀಪಾವಳಿಗೆ ಬಂದ ಸಿಹಿಯ ಡಬ್ಬಿಯೋ. ಅದರೊಳಗೆ ಅಜ್ಜನ ಬಿಪಿ, ಅಜ್ಜಿಯ ಮಂಡಿ, ಮಗನ ಅಲರ್ಜಿ ಎಲ್ಲವೂ ಒಂದೇ ಕಡೆ ಮಲಗಿರುತ್ತವೆ. "ಯಾವ್ದು ಆಗ್ತು ನೋಡಿ" ಎಂದು ಮನೆಯವರು ಭಕ್ತಿಯಿಂದ ಮುಚ್ಚಳ ತೆಗೆದು ಕೊಡುತ್ತಿದ್ದರು. ಆಕೆ ನೋಡುತ್ತಿದ್ದಳು.

ಒಂದೊಂದೇ ಸ್ಟ್ರಿಪ್ಪನ್ನು ಎತ್ತಿ, ಬೆಳಕಿಗೆ ಹಿಡಿದು, ಮಾತ್ರೆಯ ಬಣ್ಣ, ಆಕಾರ, ನಡುವಿನ ಗೆರೆ ನೋಡಿ ಕೆಳಗಿಡುವಳು. ಕೊನೆಗೆ ಒಂದು ತಲೆನೋವಿನ ಮಾತ್ರೆ ತೆಗೆದು, ನುಂಗದೆ ಸೆರಗಿನ ತುದಿಗೆ ಕಟ್ಟಿಕೊಳ್ಳುವಳು. ತನ್ನನ್ನು ಕರೆತಂದವರನ್ನು ನೋಡಿ ಒಮ್ಮೆ ಕೆಮ್ಮಿದರೆ ಆ ಸಂಬಂಧ ಮುಗಿಯಿತು ಎಂದು ಅರ್ಥ. ಕಾರಿಗೆ ಹತ್ತಿದ ಮೇಲೆ ವರದಿ ಒಪ್ಪಿಸುವಳು. "ಜಾತಕ ಸುಳ್ಳು ಹೇಳ್ತು, ಡಬ್ಬಿ ಹೇಳ್ತಿಲ್ಲೆ" ಎನ್ನುವುದು ಆಕೆಯ ಮಾತು. ಕ್ರಮೇಣ ಜನ ಅದನ್ನು ನಗೆಯಾಡುತ್ತಲೇ ಒಂದು ಶಾಸ್ತ್ರ ಮಾಡಿಬಿಟ್ಟರು. ಹೆಣ್ಣು ನೋಡುವುದು, ಮನೆ ನೋಡುವುದು, ಡಬ್ಬಿ ನೋಡುವುದು. ಇದಕ್ಕೆ ಆಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಊಟ ಮಾತ್ರ ಚೆನ್ನಾಗಿ ಮಾಡುತ್ತಿದ್ದಳು.

ಈ ವಿದ್ಯೆ ಬಂದದ್ದು ಗಂಡನಿಂದ. ಆತ ಔಷಧಿ ಕಂಪನಿಯ ಪ್ರತಿನಿಧಿಯಾಗಿ ಮೂರೂ ತಾಲೂಕಿನ ಡಾಕ್ಟರುಗಳ ಬಾಗಿಲು ಕಾಯುತ್ತಿದ್ದವ. ಹೊಟ್ಟೆಯ ಮಾತ್ರೆಗಳ ಜೊತೆಗೆ ತಲೆಯ, ಅಂದರೆ ಮನಸ್ಸಿನ ಖಾಯಿಲೆಯ, ಮಾತ್ರೆಗಳನ್ನೂ ಮಾರುತ್ತಿದ್ದ. ಆತ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಒಂದು ಕರಿ ಚೀಲ, ಅದರ ತುಂಬ ಡಾಕ್ಟರಿಗೆ ತೋರಿಸುವ ಬಣ್ಣದ ಕಾರ್ಡುಗಳು. ಒಂದೊಂದರಲ್ಲೂ ಲಾಡಿನ ಗಾತ್ರದ ಮಾತ್ರೆಯ ಚಿತ್ರ; ಪಕ್ಕದಲ್ಲಿ ಮೊದಲು ಅಳುತ್ತಿದ್ದು ಆಮೇಲೆ ನಗುವ ಹೆಂಗಸು, ತಲೆ ಹಿಡಿದು ಕೂತ ಗಂಡಸು, ಕಿಟಕಿಯಾಚೆ ನೋಡುವ ಮುದುಕ. ಬೇರೆ ಅತ್ತೆಯಂದಿರು ಪುರಾಣ ಓದುವ ಹೊತ್ತಿನಲ್ಲಿ ಆಕೆ ಆ ಕಾರ್ಡುಗಳನ್ನು ಹರವಿಕೊಂಡು ಕೂರುತ್ತಿದ್ದಳು. ಖಾಯಿಲೆಗಳಿಗೂ ಹಾಗೆಯೇ ಹೆಸರಿಟ್ಟಿದ್ದಳು. "ಆ ಮನೇಲಿ ಅಳೋ ಹೆಂಗಸಿನ ಮಾತ್ರೆ ಇದ್ದು" ಎನ್ನುವಳು. "ತಲೆ ಹಿಡಕಂಡ ಗಂಡಸಿಂದೂ ಇದ್ದು, ಅದೂ ಅರ್ಧ ಮುರದದ್ದು. ಅರ್ಧ ಮಾಡಿ ತಿಂತ ಅಂದ್ರೆ ಹಳೇ ಗಿರಾಕಿ."

ಒಪ್ಪಿಕೊಳ್ಳುತ್ತೇನೆ, ಕೇಳಲಿಕ್ಕೆ ಮಜವಾಗಿರುತ್ತಿತ್ತು. ಆಕೆ ಹೇಳುವಾಗ ನಾವೆಲ್ಲ ಸುತ್ತ ಕೂತು ನಗುತ್ತಿದ್ದೆವು. ನಂದೊಳ್ಳಿ ಕಡೆಯ ಒಂದು ಮನೆಯ ಕಥೆಯಂತೂ ಎಷ್ಟು ಸಲ ಕೇಳಿದರೂ ಸಾಲದು. ಅಲ್ಲಿಯ ಡಬ್ಬಿಯಲ್ಲಿ ಫಿಟ್ಸಿಗೆ ಕೊಡುವ ಮಾತ್ರೆ ಸಿಕ್ಕಿತು. ಆ ಮನೆಯವರು ಹೌಹಾರಿ, ಅದು ನಾಯಿಯದ್ದು, ನಾಯಿಗೆ ಫಿಟ್ಸು ಬರುತ್ತದೆ, ದನದ ಡಾಕ್ಟರೇ ಬರೆದುಕೊಟ್ಟದ್ದು ಎಂದು ಆಣೆ ಹಾಕಿದರು. ನಾಯಿಯನ್ನೇ ಎತ್ತಿ ತಂದು ತೋರಿಸಿದರು. ಈಕೆ ನಾಯಿಯನ್ನು ಮೇಲೆ ಕೆಳಗೆ ನೋಡಿ, "ಪಾಪ, ಮಾತು ಬಾರದ ಪ್ರಾಣಿ ಮೇಲೆ ಹಾಕ್ತಾ ಇದ್ದ" ಎಂದಳಂತೆ. ಆ ನಾಯಿ ಈಗಿಲ್ಲ. ಆ ಮನೆಯ ಮಾಣಿಗೆ ಇನ್ನೂ ಮದುವೆಯಾಗಿಲ್ಲ.

ಒಂದು ಮಾತ್ರೆಗೆ ಒಂದೇ ಅರ್ಥ ಎಂದು ಆಕೆ ತಿಳಿದಿದ್ದಳು. ಫಿಟ್ಸಿನ ಮಾತ್ರೆಯನ್ನು ಮನಸ್ಸಿನ ಏರಿಳಿತಕ್ಕೂ ಕೊಡುತ್ತಾರೆ, ಅರ್ಧ ತಲೆನೋವಿಗೂ ಕೊಡುತ್ತಾರೆ. ಅಳುವ ಹೆಂಗಸಿನ ಮಾತ್ರೆಯನ್ನೇ ಕಡಿಮೆ ಪ್ರಮಾಣದಲ್ಲಿ ನರದ ಉರಿಗೂ ಬರೆಯುತ್ತಾರೆ. ಮಾತ್ರೆ ನೋಡಿ ಖಾಯಿಲೆ ಹೇಳುವುದು ಚಪ್ಪಲಿ ನೋಡಿ ಯಾವ ಊರಿಗೆ ಹೊರಟಿದ್ದಾರೆ ಎಂದು ಹೇಳಿದ ಹಾಗೆ. ಇದನ್ನೆಲ್ಲ ನಾನು ಕಲಿತದ್ದು ಅಕ್ಕನ ಜೊತೆ ಡಾಕ್ಟರ ಹತ್ತಿರ ಓಡಾಡಿ. ಅಲ್ಲಿಯವರೆಗೆ ನಾನೂ ನಗುವವರ ಸಾಲಿನಲ್ಲೇ ಇದ್ದೆ.

ಅಕ್ಕ ಸಿದ್ದಾಪುರದ ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಶಿರಸಿ ಪೇಟೆಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಕಾಲೇಜು ಮುಗಿಸುವ ವರ್ಷ ಅವಳಿಗೆ ನಿದ್ದೆಯೇ ಬೇಡವಾಯಿತು. ಮಾತು ನಿಲ್ಲಲಿಲ್ಲ. ಜಗತ್ತಿನ ಎಲ್ಲ ಲೆಕ್ಕಗಳೂ ತನಗೆ ಹೊಳೆದಿವೆ ಎಂದು ಗೋಡೆಯ ಮೇಲೆಲ್ಲ ಬರೆದಳು. ಆಮೇಲೆ ಅದೇ ಗೋಡೆಗೆ ಮುಖ ಮಾಡಿ ತಿಂಗಳುಗಟ್ಟಲೆ ಮಲಗಿದಳು. ಡಾಕ್ಟರು ಲಿಥಿಯಂ ಶುರು ಮಾಡಿದರು. ಅದು ಒಂದು ಬಗೆಯ ಲವಣ ಎಂದು ಅವರು ವಿವರಿಸಿದ್ದೇ ತಡ, ಅಕ್ಕ ಅದಕ್ಕೆ ಉಪ್ಪು ಎಂದು ಹೆಸರಿಟ್ಟಳು. ಊಟ ಮುಗಿಸಿ "ಎನ್ನ ಉಪ್ಪು ಎಲ್ಲಿ?" ಎಂದು ಕೇಳುವಳು. ಆಗಾಗ ರಕ್ತ ಪರೀಕ್ಷೆ, ನೀರು ಚೆನ್ನಾಗಿ ಕುಡಿಯಬೇಕು, ಕೈ ಸ್ವಲ್ಪ ನಡುಗುತ್ತದೆ. ಅಷ್ಟು ಬಿಟ್ಟರೆ ಅಕ್ಕ ಮತ್ತೆ ಅಕ್ಕನೇ ಆಗಿದ್ದಳು. ಬೋರ್ಡಿನ ಮೇಲೆ ಅವಳು ಎಳೆದ ವೃತ್ತ ಕೊಂಚ ಅಂಕುಡೊಂಕಾಗುತ್ತಿತ್ತು. ಮಕ್ಕಳು ಅದನ್ನು ಟೀಚರ ಕಡುಬು ಎನ್ನುತ್ತಿದ್ದರು. ಅವಳೂ ನಗುತ್ತಿದ್ದಳು.

ಯಲ್ಲಾಪುರದ ಕಡೆಯಿಂದ ಒಂದು ಸಂಬಂಧ ಬಂತು. ಅಕ್ಕ, "ಎಲ್ಲಾ ಹೇಳಿಯೇ ಮಾಡವು" ಎಂದು ಹಟ ಹಿಡಿದಳು. ಅಪ್ಪಯ್ಯ ಹೂಂ ಎಂದ. ಆದರೆ ಹುಡುಗನ ಕಡೆಯವರು ತಲೆನೋವಿನತ್ತೆಯನ್ನು ಕರೆತರುತ್ತಾರೆ ಎಂದು ತಿಳಿದದ್ದೇ ಅಪ್ಪಯ್ಯನ ಜೀವ ಬಾಯಿಗೆ ಬಂತು. ಆಗ ಅವನು ಮಾಡಿದ್ದು ನಮ್ಮ ಸೀಮೆಯಲ್ಲಿ ಆಕೆಯ ಭಯಕ್ಕೆ ಎಷ್ಟೋ ಮನೆಗಳಲ್ಲಿ ಮಾಡುತ್ತಿದ್ದ ಕೆಲಸವನ್ನೇ. ಅಕ್ಕನ ಮಾತ್ರೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ, ಆಯಿಯ ಕ್ಯಾಲ್ಸಿಯಂ ಮಾತ್ರೆಯ ಖಾಲಿ ಬಾಟಲಿಗೆ ತುಂಬಿದ. ಖಾಲಿ ಸ್ಟ್ರಿಪ್ಪುಗಳನ್ನು ಬಚ್ಚಲ ಒಲೆಗೆ ಹಾಕಿದ. ಬಾಟಲಿಯನ್ನು ಅಕ್ಕನಿಗೆ ಮಾತ್ರ ತೋರಿಸಿದ. ಆಯಿಗೆ ಹೇಳುವುದು ಅವನಿಗೆ ಹೊಳೆಯಲಿಲ್ಲ, ಅಥವಾ ಹೇಳಿದರೆ ಅವಳ ಬಾಯಿ ನಿಲ್ಲುವುದಿಲ್ಲ ಎಂದುಕೊಂಡ.

ಆಕೆ ಬಂದಳು. ಬೆರಳು ಕಣ್ಣಿನ ಪಕ್ಕಕ್ಕೇರಿತು. ಡಬ್ಬಿ ಬಂತು. ಎಲ್ಲವನ್ನೂ ನೋಡಿದಳು, ಕ್ಯಾಲ್ಸಿಯಂ ಬಾಟಲಿಯನ್ನು ಮಾತ್ರ ತೆರೆಯದೆ ಬದಿಗಿಟ್ಟಳು, ಏನೂ ಸಿಗಲಿಲ್ಲ. ಬೇಸರದಲ್ಲಿ ಒಂದು ತಲೆನೋವಿನ ಮಾತ್ರೆ ಸೆರಗಿಗೆ ಕಟ್ಟಿಕೊಂಡು ಎದ್ದಳು. ಸಂಬಂಧ ಒಪ್ಪಿಗೆ ಎಂದು ಮರುದಿನ ಫೋನು ಬಂತು.

ಆಯಿ ತನ್ನ ಬಾಟಲಿಯನ್ನು ಗಂಡ ತುಂಬಿಸಿ ತಂದಿದ್ದಾನೆ ಎಂದು ಖುಷಿಯಾಗಿ ಬೆಳಿಗ್ಗೆ ಸಂಜೆ ಅದರಿಂದಲೇ ಮಾತ್ರೆ ತಿನ್ನತೊಡಗಿದಳು. ಮೇಲಿಂದ ಬಿಪಿಯದ್ದು. ಅದು ಮೈಯ ನೀರನ್ನು ಹೊರಹಾಕುವ ಜಾತಿಯದ್ದು, ಲಿಥಿಯಂ ಜೊತೆ ಸೇರಲೇಬಾರದ್ದು. ಕೆಲವು ದಿನಕ್ಕೆ ವಾಂತಿ ಶುರುವಾಯಿತು. ಪಿತ್ತ ಎಂದುಕೊಂಡೆವು. ಆಮೇಲೆ ಕೈ ಕುಣಿಯತೊಡಗಿತು, ನಡೆದರೆ ಗೋಡೆಗೆ ಹೋಗಿ ಬಡಿಯುತ್ತಿದ್ದಳು, ನಾಲಗೆ ದಪ್ಪವಾಗಿ ನನ್ನ ಹೆಸರೂ ಸರಿಯಾಗಿ ಹೊರಡಲಿಲ್ಲ. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು.

ಯಾವ ಯಾವ ಮಾತ್ರೆ ತಿನ್ನುತ್ತಾರೆ ಎಂದು ಅಲ್ಲಿಯ ಡಾಕ್ಟರು ಕೇಳಿದರು. ಬ್ಯಾಗಿನಿಂದ ಬಿಪಿ ಮಾತ್ರೆಯನ್ನೂ ಕ್ಯಾಲ್ಸಿಯಂ ಬಾಟಲಿಯನ್ನೂ ತೆಗೆದುಕೊಟ್ಟವನು ನಾನೇ. ಡಾಕ್ಟರು ಬಾಟಲಿ ಅಲುಗಾಡಿಸಿ, ನಾಲ್ಕು ಮಾತ್ರೆ ಅಂಗೈಗೆ ಸುರಿದುಕೊಂಡು, ಹುಬ್ಬೇರಿಸಿದರು.

"ಇವು ಬಾಟ್ಲಿ ಗುಳಿಗಿ ಕಂಡಂಗ ಇಲ್ಲಲ್ರೀ. ಸ್ಟ್ರಿಪ್ ಎಲ್ಲೈತಿ? ಬಿಳಿ ಗುಳಿಗಿ ಸಾವಿರ ಅದಾವು, ಮಾರಿ ನೋಡಿ ಹೆಸರು ಹೇಳಾಕ ಆಗಂಗಿಲ್ಲ."

ಅಪ್ಪಯ್ಯನಿಗೆ ಗೊತ್ತಿತ್ತು. ಆದರೆ ಆ ಹೊತ್ತಿಗೆ ಯಲ್ಲಾಪುರದ ಬೀಗರಾಗುವವರು ಆಯಿಯನ್ನು ನೋಡಲು ಬಂದು ಮಂಚದ ಪಕ್ಕದಲ್ಲೇ ನಿಂತಿದ್ದರು. ಅಪ್ಪಯ್ಯ ಸುಳ್ಳು ಹೇಳಲಿಲ್ಲ. ಬಾಟಲಿಯ ಮೇಲಿನ ಚೀಟಿಯೇ ಸುಳ್ಳು ಹೇಳುತ್ತಿತ್ತು, ಅವನು ಸುಮ್ಮನಿದ್ದ. ಹೆಂಡತಿ ಮಂಚದ ಮೇಲೆ ಮೀನಿನ ಹಾಗೆ ಅದುರುತ್ತಿದ್ದಾಗ ಅವನು ಕಿಟಕಿಯಾಚೆ ನೋಡುತ್ತ ನಿಂತಿದ್ದ. ಅದನ್ನು ನಾನು ಅವನಿಗೆ ಇವತ್ತಿನವರೆಗೂ ಕ್ಷಮಿಸಿಲ್ಲ.

ಶಾಲೆ ಮುಗಿಸಿ ಹುಬ್ಬಳ್ಳಿ ಬಸ್ಸು ಹಿಡಿದು ಬಂದ ಅಕ್ಕ, ಬಾಟಲಿಯನ್ನು ಡಾಕ್ಟರ ಮೇಜಿನ ಮೇಲೆ ಕಂಡವಳೇ ಎಲ್ಲರ ಎದುರಿಗೆ ಹೇಳಿದಳು. "ಅದು ಕ್ಯಾಲ್ಸಿಯಂ ಅಲ್ಲ ಸರ್. ಲಿಥಿಯಂ. ನನ್ನದು."

ಆಯಿ ಉಳಿದಳು. ಸಂಬಂಧ ಉಳಿಯಲಿಲ್ಲ. ಬೀಗರಾಗುವವರು ತಂದ ಹಣ್ಣನ್ನು ಅಲ್ಲೇ ಇಟ್ಟು, ಎಳನೀರನ್ನು ಮಾತ್ರ ವಾಪಸು ಒಯ್ದರು. ಯಾಕೆಂದು ನನಗೆ ಈಗಲೂ ಅರ್ಥವಾಗಿಲ್ಲ.

ಆಯಿ ಮನೆಗೆ ಬಂದ ಮೇಲೆ ತಲೆನೋವಿನತ್ತೆ ಕಿತ್ತಳೆ ಹಿಡಿದುಕೊಂಡು ನೋಡಲು ಬಂದಳು. ಕ್ಷಮೆ ಕೇಳುತ್ತಾಳೇನೋ ಎಂದುಕೊಂಡೆ. ಅಷ್ಟು ಪೆದ್ದನಾಗಿದ್ದೆ. ಆಕೆ ಆಯಿಯ ಕೈ ಹಿಡಿದು, ನಿಜವಾಗಿ ಕಣ್ಣಲ್ಲಿ ನೀರು ತಂದುಕೊಂಡು, "ಎಂಗೆ ಅವತ್ತೇ ಅನುಮಾನ ಬಂದಿತ್ತೆ. ಆ ಕ್ಯಾಲ್ಸಿಯಂ ಬಾಟ್ಲಿ ಮುಚ್ಚಳ ಒಂದು ತೆಗದು ನೋಡವಾಗಿತ್ತು. ತಪ್ಪೋತು" ಎಂದಳು. ತನ್ನ ಕೆಲಸದಲ್ಲಿ ಆದ ಲೋಪಕ್ಕೆ ಆಕೆಗೆ ದುಃಖವಾಗಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. ಯಾಕೆ ಹೀಗೆ ಮಾಡುತ್ತೀರಿ, ಯಾರ ಮನೆಯ ಡಬ್ಬಿಯಲ್ಲಿ ಏನಿದ್ದರೆ ನಿಮಗೇನು ಎಂದು ಕೇಳಿದೆ. ಆಕೆ ಕಿತ್ತಳೆ ಸುಲಿಯುತ್ತಲೇ ಉತ್ತರ ಕೊಟ್ಟಳು.

"ಎನ್ನ ತಂಗಿ ಮದುವೆ ದಿವಸ ಯಾರೂ ಡಬ್ಬಿ ನೋಡಿದ್ವಿಲ್ಲೆ ಮಾಣಿ. ಗಂಡಂಗೆ ತಲೆ ಸರಿ ಇಲ್ಲೆ ಹೇಳಿ ಯಂಗಕ್ಕೆ ಯಾರಿಗೂ ಗೊತ್ತಿತ್ತಿಲ್ಲೆ. ಒಂದು ದಿವಸ ಕತ್ತಿ ತಗಂಡು ಬಂದ. ತಂಗಿ ಬಾವಿಲಿ ಸಿಕ್ಕಿತು."

ಒಂದು ಗಳಿಗೆ ನನಗೂ ಆಕೆಯ ಮೇಲೆ ಮರುಕ ಬಂತು. ಆಗ ಒಳಗಿನಿಂದ ಅಕ್ಕ ಕೇಳಿದಳು.

"ಅವ ಮಾತ್ರೆ ತಿಂತಿದ್ನಾ ಅತ್ತೆ?"

"ಎಲ್ಲಿ ಮಾತ್ರೆ? ಆ ಮನೇಲಿ ಒಂದು ಗುಳಿಗೆನೂ ಇತ್ತಿಲ್ಲೆ."

"ಹಾಂಗಾದ್ರೆ ನಿಂಗ ಅವತ್ತು ಡಬ್ಬಿ ನೋಡಿದ್ರೂ ಪಾಸು ಮಾಡ್ತಿದ್ರಿ."

ಆಕೆ ಸುಲಿದ ಕಿತ್ತಳೆಯನ್ನು ಆಯಿಗೆ ಕೊಡುವುದನ್ನು ಮರೆತು ತಾನೇ ತಿಂದಳು. ಮಾತ್ರೆ ತಿನ್ನದ ಗಂಡನಿಂದ ಸತ್ತ ತಂಗಿಯ ಹೆಸರಿನಲ್ಲಿ, ಮಾತ್ರೆ ತಿಂದು ನೆಟ್ಟಗಿದ್ದವರನ್ನು ಜನ್ಮವಿಡೀ ಹುಡುಕಿ ಹುಡುಕಿ ಹಿಡಿದ ಹೆಂಗಸು ಅದು. ಅಕ್ಕನ ಮಾತು ಆಕೆಗೆ ತಾಗಿತು ಎಂದುಕೊಂಡೆ. ತಾಗಿತ್ತು, ಆದರೆ ಬೇರೆ ಥರ.

ಆಮೇಲೆ ಸಿದ್ದಾಪುರದ ಕಡೆಯಿಂದ ಒಬ್ಬ ಮಾಸ್ತರನ ಸಂಬಂಧ ಬಂತು. ಅಕ್ಕನೇ ಅವನಿಗೆ ಫೋನಿನಲ್ಲಿ ಎಲ್ಲ ಹೇಳಿದ್ದಳು. ಅವನು ಒಳ್ಳೆಯವ. "ಎಮ್ಮನೆ ಅಪ್ಪಯ್ಯನೂ ಶುಗರಿಗೆ ತಿಂತ, ಅದರಲ್ಲೆಂತ ಇದ್ದು" ಎಂದಿದ್ದನಂತೆ. ಅಕ್ಕ ಆ ಮಾತನ್ನು ನನಗೆ ಒಂದೇ ದಿನ ಎರಡೆರಡು ಸಲ ಹೇಳಿದಳು. ಅವಳಿಗೆ ಅವನು ಬೇಕಾಗಿದ್ದ, ಅದು ಮುಖದ ಮೇಲೇ ಕಾಣುತ್ತಿತ್ತು. ಮನೆಯಲ್ಲಿ ತಾನೇ ಹೇಳುತ್ತೇನೆ ಎಂದವನು ಮಾತ್ರ ಇನ್ನೂ ಹೇಳಿರಲಿಲ್ಲ. ಹೆಣ್ಣು ನೋಡಲು ಬರುವಾಗ ಅವನ ತಾಯಿ ತಲೆನೋವಿನತ್ತೆಯನ್ನು ಕರೆತಂದಳು. ಅಕ್ಕನ ವಿಷಯ ಆಕೆಗೆ ಗೊತ್ತೇ ಇತ್ತು, ಆದರೆ ಕಣ್ಣಾರೆ ಡಬ್ಬಿ ನೋಡುವವರೆಗೆ ಆಕೆ ಬಾಯಿ ಬಿಡುವವಳಲ್ಲ.

ಈ ಸಲ ಅಕ್ಕ ಯಾರ ಮಾತನ್ನೂ ಕೇಳಲಿಲ್ಲ. ಚಹಾದ ಟ್ರೇಯಲ್ಲಿ, ಕಪ್ಪುಗಳ ನಡುವೆ, ತನ್ನ ಮಾತ್ರೆಯ ಸ್ಟ್ರಿಪ್ಪನ್ನು ಅಕ್ಷರ ಮೇಲಾಗಿ ಇಟ್ಟುಕೊಂಡು ಬಂದಳು. ಆಕೆಯ ಬೆರಳು ಆಗಲೇ ಹಣೆಯತ್ತ ಹೊರಟಿತ್ತು.

"ನಿಂಗಕ್ಕೆ ತಲೆನೋವು ಬಪ್ಪದಕ್ಕಿಂತ ಮೊದಲೇ ತಂದಿದ್ದೆ ಅತ್ತೆ" ಎಂದಳು ಅಕ್ಕ. "ಇದು ಆನು ದಿನಾ ತಿಂಬ ಮಾತ್ರೆ. ಹೆಸರು ಓದಿ. ಎಲ್ಲರಿಗೂ ಕೇಳಲಿ."

ಆಕೆ ಸ್ಟ್ರಿಪ್ಪನ್ನು ಕೈಗೆತ್ತಿಕೊಂಡಳು. ಎರಡೂ ಕಡೆ ಬೆಳ್ಳಿ ಹಾಳೆ. ಒಳಗಿನ ಮಾತ್ರೆ ಕಾಣದು. ಹೆಬ್ಬೆರಳಿನಿಂದ ಉಬ್ಬನ್ನು ಒತ್ತಿ ನೋಡಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿದಳು. ಆಗ ನಾನು ನೋಡಿದೆ, ಇಂಗ್ಲಿಷ್ ಅಕ್ಷರಗಳು ತಲೆಕೆಳಗಾಗಿದ್ದವು. ಆಕೆಗೆ ಅದು ಗೊತ್ತಾಗುತ್ತಿರಲಿಲ್ಲ.

"ಇದರೊಳಗೆ ಇಪ್ಪದು ಎಂತಾ ಬಣ್ಣ?" ಎಂದು ಕೇಳಿದಳು.

"ಬಣ್ಣ ಬ್ಯಾಡ ಅತ್ತೆ. ಓದಿ."

ಇಷ್ಟು ವರ್ಷ ಮೂರು ತಾಲೂಕಿನ ಮದುವೆಗಳನ್ನು ಮುರಿದ ಆ ಕಣ್ಣಿಗೆ ಒಂದು ಹೆಸರು ಓದಲಿಕ್ಕೆ ಬರುತ್ತಿರಲಿಲ್ಲ. ಗಂಡನ ಹಳೇ ಕಾರ್ಡಿನ ಬಣ್ಣ ಮತ್ತು ಆಕಾರ, ಅಷ್ಟೇ ಆಕೆಯ ವೈದ್ಯಶಾಸ್ತ್ರ. ಕಂಪನಿಗಳು ಬಣ್ಣ ಬದಲಿಸಿ ಎಷ್ಟು ಕಾಲವಾಗಿತ್ತೋ! ಎಷ್ಟು ಮನೆಗಳಲ್ಲಿ ವಿಟಮಿನ್ನಿಗೆ ಹುಚ್ಚು ಎಂದು ಹೆಸರಿಟ್ಟಿದ್ದಳೋ! ನನಗೆ ಕುಣಿಯುವಷ್ಟು ಸಂತೋಷವಾಯಿತು. ಹುಡುಗನ ತಾಯಿಯೂ ಮೆಲ್ಲಗೆ ಆಕೆಯ ಕಡೆ ತಿರುಗಿದಳು.

ಆಕೆ ಸ್ಟ್ರಿಪ್ಪನ್ನು ಟ್ರೇಯಲ್ಲಿ ಇಟ್ಟಳು. ಗಡಿಬಿಡಿ ಇಲ್ಲ. ಅಕ್ಕನ ಮುಖ ನೋಡಿದಳು, ಆಮೇಲೆ ಟ್ರೇ ಹಿಡಿದ ಕೈಗಳನ್ನು. ತುಟಿಯಲ್ಲಿ ಸಣ್ಣ ನಗು ಬಂತು.

"ಓದದು ಎಂತಕ್ಕೆ ಕೂಸೆ? ಕಪ್ಪು ಹೇಳ್ತಾ ಇದ್ದು."

ಆಗ ಎಲ್ಲರಿಗೂ ಕೇಳಿಸಿತು. ಕಪ್ಪುಗಳು ಸಾಸರಿನ ಮೇಲೆ ಕಟಕಟ ಎನ್ನುತ್ತಿದ್ದವು. ಅಲ್ಲಿಯವರೆಗೂ ಅನ್ನುತ್ತಲೇ ಇದ್ದವು, ಯಾರೂ ಗಮನಿಸಿರಲಿಲ್ಲ. ನಡುಗಿದ್ದು ಮಾತ್ರೆಗೋ, ಎದುರಿಗೆ ಕೂತ ಹುಡುಗ ಕೈತಪ್ಪುತ್ತಾನೆ ಎಂಬ ಹೆದರಿಕೆಗೋ, ಯಾರು ಹೇಳಬೇಕು? ಅಕ್ಕ ನಿಲ್ಲಿಸಲು ನೋಡಿದಷ್ಟೂ ಸದ್ದು ಜೋರಾಯಿತು. ಹುಡುಗ ಒಂದು ಕಪ್ಪಿಗೆ ಕೈ ಚಾಚಿದ. ಅವನ ತಾಯಿ ಅವನನ್ನು ನೋಡಿದಳು. ಆ ಕೈ ಹಾಗೇ ಹಿಂದಕ್ಕೆ ಹೋಗಿ ಅವನ ಮಂಡಿಯ ಮೇಲೆ ಕೂತಿತು. ನಮ್ಮ ಮನೆಯಲ್ಲಿ ಚಹಾ ಕುಡಿಯದೆ ಎದ್ದುಹೋದವರು ಅವರೇ ಮೊದಲು.

ಅಕ್ಕನಿಗೆ ಮದುವೆಯಾಗಲಿಲ್ಲ. ಅದರಿಂದ ಅವಳ ಬಾಳು ಹಾಳಾಯಿತು ಎಂದು ನಾನು ಬರೆಯುವುದಿಲ್ಲ, ಬರೆದರೆ ಅವಳು ಹೊಡೆಯುತ್ತಾಳೆ. ಶಾಲೆಗೆ ಹೋಗುತ್ತಾಳೆ, ಕಡುಬಿನಂಥ ವೃತ್ತ ಎಳೆಯುತ್ತಾಳೆ. ಆದರೆ ಅವತ್ತಿನಿಂದ ಮನೆಯ ಹೊರಗೆ ಯಾರ ಎದುರೂ ಕಪ್ಪಿನಲ್ಲಿ ಚಹಾ ಕುಡಿಯುವುದಿಲ್ಲ. ಲೋಟ ಕೇಳುತ್ತಾಳೆ, ಎರಡೂ ಕೈಯಲ್ಲಿ ಅಮುಕಿ ಹಿಡಿಯುತ್ತಾಳೆ.

ಕಳೆದ ಮಳೆಗಾಲ ಮುಗಿದ ಮೇಲೆ ಆಕೆಗೆ ಹುಷಾರಿಲ್ಲ, ಕೈಕಾಲು ನಡುಗುವ ಖಾಯಿಲೆ ಎಂದು ಕೇಳಿದೆವು. ದಾಸನಕೊಪ್ಪದಲ್ಲಿ ಮಗನ ಮನೆಯಲ್ಲಿದ್ದಳು. ನೋಡಿ ಬರೋಣ ಎಂದವಳು ಅಕ್ಕ. ನಾನು ಬೇಡವೆಂದೆ. "ನೋಡ್ಕಂಡು ಬಪ್ಪದು ಧರ್ಮ" ಎಂದಳು. ಅವಳ ಬಾಯಲ್ಲಿ ಧರ್ಮ ಎಂಬ ಶಬ್ದ ಕೇಳಿ ನನಗೆ ಸ್ವಲ್ಪ ಹೆದರಿಕೆಯೇ ಆಯಿತು.

ನಾವು ಹೋದಾಗ ನೆರೆಮನೆಯ ಹೆಂಗಸರಿಬ್ಬರು ಕೂತಿದ್ದರು. "ಬರ್ರಿ, ಬರ್ರಿ, ಇಲ್ಲೇ ಕುಂದರ್ರಿ" ಎಂದು ಜಾಗ ಬಿಟ್ಟರು. ಆಕೆ ಗೋಡೆಗೆ ಒರಗಿ ಕೂತಿದ್ದಳು. ಎರಡೂ ಕೈ ತೊಡೆಯ ಮೇಲೆ ತಮ್ಮಷ್ಟಕ್ಕೆ ಕುಣಿಯುತ್ತಿದ್ದವು. ನಮ್ಮ ಗುರುತು ಹತ್ತಿತೋ ಇಲ್ಲವೋ ತಿಳಿಯಲಿಲ್ಲ. ಸೊಸೆ ಪಾಪದವಳು. ಅತ್ತೆಯ ಖಾಯಿಲೆ ಹೇಳುತ್ತ ಹೇಳುತ್ತ ಮಾತ್ರೆಯ ಡಬ್ಬಿಯನ್ನೇ ತಂದು ಅಕ್ಕನ ಮುಂದಿಟ್ಟು, "ಎಷ್ಟು ಕೊಟ್ಟಿದ್ದ ನೋಡಿ" ಎಂದು ಮುಚ್ಚಳ ತೆಗೆದಳು. ಅಕ್ಕ ಅದರೊಳಗೆ ಕಣ್ಣು ಹಾಯಿಸಲಿಲ್ಲ. ಮುಚ್ಚಳ ಮುಚ್ಚಿ, ಡಬ್ಬಿಯನ್ನು ವಾಪಸು ಕೊಟ್ಟಳು. ನನ್ನ ಅಕ್ಕನ ಬಗ್ಗೆ ನನಗೆ ಹೆಮ್ಮೆ ಎನಿಸಿತು.

ಚಹಾ ಬಂತು. "ಅತ್ತೆಗೆ ಚಮಚದಲ್ಲೇ ಕುಡಿಸವು" ಎಂದಳು ಸೊಸೆ.

"ಆನು ಕುಡಿಸ್ತೆ. ನೀ ಒಳಗೆ ಕೆಲಸ ನೋಡ್ಕ" ಎಂದಳು ಅಕ್ಕ.

ಸೊಸೆ ಕೃತಜ್ಞತೆಯಿಂದ ಒಳಗೆ ಹೋದಳು. ಅಕ್ಕ ಒಂದು ಕಪ್ಪನ್ನು ಸಾಸರಿನ ಮೇಲಿಟ್ಟು, ತನ್ನ ಪಾಲಿನ ಚಹಾವನ್ನೂ ಅದಕ್ಕೆ ಸುರಿದು, ಅಂಚಿನವರೆಗೆ ತುಂಬಿದಳು. ಎರಡೂ ಕೈಯಲ್ಲಿ ಎತ್ತಿ ಆಕೆಯ ಕೈಗಳಲ್ಲಿ ಇಟ್ಟಳು. ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

ಸದ್ದು ಶುರುವಾಯಿತು. ನೆರೆಮನೆಯವರು ತಿರುಗಿ ನೋಡಿದರು. ಆಕೆ ಕಪ್ಪನ್ನೇ ನೋಡಿದಳು, ಆಮೇಲೆ ಅಕ್ಕನನ್ನು. ಗುರುತು ಹತ್ತಿತು, ಕಣ್ಣಿನಲ್ಲಿ ಅದು ಕಾಣಿಸಿತು.

"ಹಿಡ್ಕಳೆ ಕೂಸೆ" ಎಂದಳು. "ಚೆಲ್ಲಿ ಹೋಗ್ತು."

ಅಕ್ಕ ಕೈಕಟ್ಟಿ ನಿಂತಿದ್ದಳು. "ಎಂತಾ ಮಾತ್ರೆ ಹೇಳಿ ಆನು ಕೇಳ್ತಿಲ್ಲೆ ಅತ್ತೆ. ಕಪ್ಪು ಹೇಳ್ತಾ ಇದ್ದು."

ನಾನು ಎದ್ದು ಹಿಡಿಯಬಹುದಿತ್ತು. ಏಳಬೇಕೆಂದು ಅನಿಸಲೂ ಇಲ್ಲ. ಚಹಾ ಮೊದಲು ಸಾಸರಿಗೆ, ಆಮೇಲೆ ಬೆರಳುಗಳ ಮೇಲೆ, ಆಮೇಲೆ ಮಡಿಲಿಗೆ ಇಳಿಯಿತು. ಆಕೆ ಕೂಗಿದ್ದಕ್ಕೆ ಸೊಸೆ ಒಳಗಿನಿಂದ ಓಡಿಬಂದಳು. ಅಕ್ಕ ತನ್ನ ಚೀಲ ಹೆಗಲಿಗೇರಿಸಿ, "ಯಂಗ ಬತ್ಯ" ಎಂದು ಎಲ್ಲರಿಗೂ ಹೊರಡುವ ಮಾತು ಹೇಳಿ ಮೆಟ್ಟಿಲಿಳಿದಳು.

ಶಿರಸಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಚೀಲದಿಂದ ಸ್ಟ್ರಿಪ್ಪು ತೆಗೆದು, ಒಂದು ಮಾತ್ರೆ ಬಿಡಿಸಿ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಎದುರು ಸೀಟಿನವರು ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟಳು.

"ತಮ್ಮಾ, ಚಹಾ ಬಿಸಿ ಇತ್ತಾ?" ಎಂದು ಕೇಳಿದಳು.

"ಇತ್ತು" ಎಂದೆ.

"ಚೊಲೋ ಆತು" ಎಂದು ಅಕ್ಕ ಕಿಟಕಿಯ ಕಡೆ ತಿರುಗಿದಳು.